ಅಳತೆಗೆ ಹೊಲಿದ ಹೊಟ್ಟೆ

ವಿಜಯಪುರ
೧೮ ಫೆಬ್ರುವರಿ ೨೦೨೫, ಮಂಗಳವಾರ ಸಂಜೆ

ಪ್ರೀತಿಯ ಆಮ್ರಪಾಲಿ,

ಅದಕ್ಕೇ ಹೇಳಿದ್ದು ತಾಯೀ, ಸ್ಟೇಬಲ್ ಎಂದರೆ ನನಗೆ ಮೊದಲು ನೆನಪಾಗುವುದು ಕುದುರೆ ಲಾಯ. ನಿನ್ನೆಯ ಕಾಗದದಲ್ಲಿ ಹಾಳೆ ಮುಗಿದು ಮಾತು ಅಲ್ಲಿಗೇ ನಿಂತಿತ್ತು, ಬೆಳಿಗ್ಗೆ ಹಾಗೇ ಪೋಸ್ಟಿಗೆ ಹಾಕಿಬಿಟ್ಟೆ. ಬಿ.ಎ. ಎರಡನೆಯ ವರ್ಷದಲ್ಲಿ ನಮ್ಮ ಇಂಗ್ಲಿಷ್ ಸರ್ 'ಸ್ಟೇಬಲ್, ನಾಮಪದ, ಕುದುರೆ ಕಟ್ಟುವ ಜಾಗ' ಎಂದು ಬರೆಸಿದ್ದರು. ಅದಕ್ಕೆ ಇನ್ನೊಂದು ಅರ್ಥ ಇದೆ ಎಂದು ಮರುದಿನ ಹೇಳಿರಬೇಕು, ಮರುದಿನ ನಾನು ಕಾಲೇಜಿಗೆ ಹೋಗಿರಲಿಲ್ಲ. ಇರಲಿ. ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ನಿನ್ನ ಆರೋಗ್ಯ ಹೇಗಿದೆ? ನೆಲದ ಮೇಲೆ ಅಷ್ಟು ಹೊತ್ತು ಕೂತರೆ ನಿನ್ನ ಸೊಂಟ ತಡೆಯುತ್ತದೆಯೇ? ಧ್ಯಾನ ಶಿಬಿರದಲ್ಲಿ ಫೋನು ಇಸಿದುಕೊಳ್ಳುತ್ತಾರೆ, ಮುಗಿಯುವ ತನಕ ಯಾರೊಡನೆಯೂ ಮಾತಾಡುವಂತಿಲ್ಲ ಎಂದು ಅಳಿಯ ಪ್ರತಾಪ ಹೇಳಿದ. ದಿನವಿಡೀ ವಾರ್ಡಿನ ರೋಗಿಗಳನ್ನು ಗದರಿಸುವ ನರ್ಸಬಾಯಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಿನ್ನ ಅವ್ವ ನೋಡಬೇಕಾಗಿತ್ತು. ನೀನು ಸೋಲಾಪುರದ ಮನೆಗೆ ಮರಳಿದಾಗ ಎರಡೂ ಕಾಗದ ಕೂಡಿಯೇ ಕೈಗೆ ಸಿಗಲಿ. ನನ್ನ ಎರಡನೆಯ ಆಪರೇಶನ್ನಿಗೆ ಎಂದು ನೀನು ರಜೆ ಬರೆದುಕೊಟ್ಟಿದ್ದೀ. ಆ ರಜೆ ವಾಪಸ್ ತೆಗೆದುಕೋ. ಆಪರೇಶನ್ ಆಗುವುದಿಲ್ಲ.

ನಿನ್ನೆ ನೀನಿಲ್ಲದೆ ಒಬ್ಬನೇ, ಮೊದಲ ಆಪರೇಶನ್ ಮಾಡಿದ ಡಾಕ್ಟರ್ ಪ್ರಾಚಿ ಅವರ ಹತ್ತಿರ ತಪಾಸಣೆಗೆ ಹೋಗಿದ್ದೆ. ಒಳಗೆ ಹೋದಕೂಡಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಚಪ್ಪಲಿ ಬಿಡಿಸಿ ಇನ್ನೊಮ್ಮೆ ನಿಲ್ಲಿಸಿದರು. 'ಕಾಕಾ, ಆಪರೇಶನ್ ದಿನ ಎಂಬತ್ತ ಕಿಲೊ ಇದ್ರಿ. ಈಗ ಅರವತ್ತೆಂಟ. ನಾ ನಿಮಗ ವೇಟ್ ಸ್ಟೇಬಲ್ ಇರ್ಬೇಕು ಅಂತ ಹೇಳಿದ್ನೋ ಇಲ್ಲೋ?' ಎಂದರು. ಹೇಳಿದ್ದರು. ಹೋದ ಸಲವೂ ಹೇಳಿದ್ದರು, ಆಗ ನೀನು ಪಕ್ಕದಲ್ಲಿದ್ದೆ, ನಾನು ಕುದುರೆಯ ವಿಚಾರ ಮಾಡುತ್ತಿದ್ದೆ. ಆಮೇಲೆ ಅಂಗಿ ಮೇಲೆತ್ತಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ಬಂತು. ಆಪರೇಶನ್ ಆದ ಹೊಸದರಲ್ಲಿ ಬರುತ್ತಿರಲಿಲ್ಲ.

ನೂರಾ ಹನ್ನೆರಡು ಕಿಲೊ ಇದ್ದ ನನ್ನನ್ನು ನಿನ್ನ ಅವ್ವ ಎಂಬತ್ತಕ್ಕೆ ಇಳಿಸಿದ್ದು ನಿನಗೆ ಗೊತ್ತಿದ್ದದ್ದೇ. ಸಕ್ಕರೆ ಕಾಯಿಲೆ ಎಂದು ರೊಟ್ಟಿ ಕಡಿಮೆ ಮಾಡಿದಳು, ಅನ್ನ ಬಿಡಿಸಿದಳು, ಬೆಳಿಗ್ಗೆ ಗೋಳಗುಮ್ಮಟದ ತನಕ ನಡೆಸಿದಳು. ಎರಡು ವರ್ಷದಲ್ಲಿ ಕೊಬ್ಬು ಹೋಯಿತು, ಚರ್ಮ ಉಳಿಯಿತು. ಖಾಲಿ ಜೋಳದ ಚೀಲದಂತೆ ತೊಡೆಯ ಮೇಲೆ ಜೋತು ಬಿದ್ದ ಆ ಹೊಟ್ಟೆಯ ಮಡಿಕೆಯಲ್ಲಿ ಬೇಸಿಗೆ ಬಂತೆಂದರೆ ಬೆವರು ನಿಂತು ಹುಣ್ಣಾಗುತ್ತಿತ್ತು. ಆಕೆ ಅದನ್ನು ಒರೆಸಿ ಪೌಡರ್ ಹಾಕಿ ತನ್ನ ಹಳೆಯ ಸೀರೆಯ ತುಂಡು ಮಡಿಚಿ ಇಡುತ್ತಿದ್ದಳು. 'ಸಣ್ಣಾಗ್ರಿ ಅಂದ್ರ ಸಣ್ಣಾದ್ರಿ ಖರೆ, ಹಳೇ ಸಾಮಾನ ಎಲ್ಲಾ ಇಲ್ಲೇ ಬಿಟ್ಟ ಹೋಗೀರಲ್ರಿ' ಎಂದು ನಗುತ್ತಿದ್ದಳು. ಆಮೇಲೆ ಹೋದ ವರ್ಷ ಜನವರಿಯಲ್ಲಿ ಹೃದಯ ನಿಂತು ಆಕೆ, ನನ್ನ ಸೋನಾಬಾಯಿ, ಹೋದಳು. ನೀನು ನನ್ನನ್ನು ಸೋಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದಷ್ಟೂ ದಿನ ತೂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಅದನ್ನು ನೋಡಿಯೇ ಡಾಕ್ಟರರು ಆಗಸ್ಟಿನಲ್ಲಿ ಜೋತ ಚರ್ಮ ಕತ್ತರಿಸಿ ತೆಗೆದದ್ದು. ದಸರೆಯ ಹೊತ್ತಿಗೆ ನಾನೇ ಹಟ ಮಾಡಿ ಇಲ್ಲಿಗೆ ವಾಪಸ್ ಬಂದೆ. ಇಳಿಯುವುದು ಆಮೇಲೆ ಶುರುವಾಯಿತು.

ಆ ಆಪರೇಶನ್ನಿಗೆ ಬಾಡಿ ಕಂಟೂರಿಂಗ್ ಎನ್ನುತ್ತಾರೆ ಎಂದು ಕೇಳಿದಾಗ ನನಗೆ ಹೆದರಿಕೆಯೇ ಆಗಲಿಲ್ಲ ನೋಡು. ಕಂಟೂರ್ ನನ್ನ ಕಸಬಿನ ಶಬ್ದ. ಎತ್ತರ ಒಂದೇ ಇರುವ ಜಾಗಗಳನ್ನು ಕೂಡಿಸಿ ಗೆರೆ ಎಳೆದು, ಆ ಗೆರೆಯ ಮೇಲೆ ಮಣ್ಣಿನ ಒಡ್ಡು ಹಾಕಿಸಿ ಮಳೆನೀರು ನಿಲ್ಲಿಸುವುದರಲ್ಲೇ ನನ್ನ ನೌಕರಿ ಮುಗಿಯಿತು. ತಿಕೋಟಾ, ಬಬಲೇಶ್ವರದ ಕಡೆ ಇವತ್ತಿಗೂ ಒಡ್ಡಿನ ಭಾಗಪ್ಪ ಎಂದರೇ ಗುರುತು. ಘೋಣಸಗಿಯಲ್ಲಿ ಒಂದು ಸಲ ಮಾರ್ಚ್ ಮುಗಿಯುವುದರೊಳಗೆ ಕೆಲಸ ತೋರಿಸಬೇಕೆಂದು ಬಿರುಬಿಸಿಲಲ್ಲಿ ಎರೆಭೂಮಿಯಲ್ಲಿ ಒಡ್ಡು ಹಾಕಿಸಿದೆವು. ಎರೆ ಮಣ್ಣು ನಿನಗೆ ಗೊತ್ತು, ಒಣಗಿದರೆ ಕಾಲು ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಮೊದಲ ಮಳೆಗೇ ಒಡ್ಡು ಒಡೆದು ಹೋಯಿತು. ನನ್ನ ಜೋಡಿ ಅಳತೆಕೋಲು ಹಿಡಿಯುತ್ತಿದ್ದ ದಾದಾಸಾಬ ಅಲ್ಲೇ ಕೆಸರಲ್ಲಿ ನಿಂತು, 'ಹೊಟ್ಟಿ ಒಳಗ ಎಳಕೊಂಡಾಗ ನಡಪಟ್ಟಿ ಅಳತಿ ತಗೊಂಡಂಗಾತಲ್ಲೋ ಭಾಗಪ್ಪಾ' ಎಂದ. ನಿನ್ನೆ ಡಾಕ್ಟರರಿಗೆ ಇದನ್ನು ಹೇಳಿದೆ. ಅವರು ನಕ್ಕರು. 'ಅದೇರಿ ಕಾಕಾ. ನಾ ಹೊಲದದ್ದು ಎಂಬತ್ತರ ಅಳತಿಗೆ. ನೀವು ಭಾಳ ಏರಿದ್ರ ಚರ್ಮ ಹಿಗ್ಗಿ ಹೊಲಿಗಿ ಗೆರಿ ಅಗಲ ಆಗತೈತಿ, ಇಳಿದ್ರ ಮತ್ತ ಜೋಲ ಬೀಳತೈತಿ. ಹೊಲಿಗಿ ತಪ್ಪಿಲ್ರಿ. ಒಳಗಿನ ಮನಷ್ಯಾ ಹೊಂಟಾನ' ಎಂದರು. ಎದೆ ಮತ್ತು ತೋಳಿನ ಚರ್ಮಕ್ಕೆ ಅವರು ಈಗ ಕೈ ಹಚ್ಚುವುದಿಲ್ಲವಂತೆ. ತೂಕ ನಿಧಾನಕ್ಕೆ ಸ್ವಲ್ಪ ಏರಿ ಒಂದು ಕಡೆ ನಿಲ್ಲಬೇಕು, ನಿಂತಲ್ಲೇ ತಿಂಗಳುಗಟ್ಟಲೆ ಇರಬೇಕು. ಅಲ್ಲಿಯ ತನಕ ಬ್ಲೇಡು ಮುಟ್ಟುವುದಿಲ್ಲ. ಮುಂದಿನ ತಿಂಗಳು ಇನ್ನೂ ಇಳಿದಿದ್ದರೆ ಭರ್ತಿ ಮಾಡಿಕೊಂಡು ಮೂಗಿನ ನಳಿಗೆಯಿಂದ ಊಟ ಹಾಕುತ್ತೇನೆ ಎಂದೂ ಹೇಳಿದರು. ಅದನ್ನು ನಗುತ್ತ ಹೇಳಲಿಲ್ಲ.

ಹೊಟ್ಟೆಗೆ ಸ್ಪರ್ಶ ಬಂದಿದೆಯೇ ಎಂದು ಕೇಳಿದರು. ಹೊಕ್ಕುಳ ಕೆಳಗೆ ಕೈ ಇಟ್ಟರೆ ಕೈಗೆ ಹೊಟ್ಟೆ ತಿಳಿಯುತ್ತದೆ, ಹೊಟ್ಟೆಗೆ ಕೈ ತಿಳಿಯುವುದಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಇತ್ತಲ್ಲ, ಕೊನೆಗೆ 'ಬಿ' ಬರುವಂಥದ್ದು. 'ನಂಬ್ ಐತ್ರಿ' ಎಂದೆ. 'ನಂಬ್ತೇನ್ರಿ ಕಾಕಾ' ಎಂದರು ಅವರು. ನರ್ಸು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. ಆ ಬಿ ಬರೆಯುವುದಕ್ಕಷ್ಟೇ, ಅನ್ನುವುದಕ್ಕಲ್ಲ ಎಂದು ಮನೆಗೆ ಬಂದ ಮೇಲೆ ನೆನಪಾಯಿತು. ಆಮೇಲೆ ಅವರು 'ಹೊತ್ತಿಗೆ ಸರಿ ಉಣತೀರೇನ್ರಿ?' ಎಂದು ಕೇಳಿದರು. ಉಣ್ಣುತ್ತೇನೆ ಎಂದೆ. 'ಇದನ್ನ ಮಾತ್ರ ನಂಬೂದಿಲ್ರಿ' ಎಂದು ನಿನ್ನ ನಂಬರು ಕೇಳಿದರು. ನನ್ನ ಮಗಳು ಮೌನದಲ್ಲಿದ್ದಾಳೆ ಎಂದೆ.

ಈಗ ನಿನಗಾದರೂ ಇದ್ದದ್ದು ಬರೆಯುತ್ತೇನೆ. ನೀನು ಗೊತ್ತು ಮಾಡಿ ಹೋದ ಹನಮವ್ವ ದಿನಾ ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಡಬ್ಬಿ ಇಟ್ಟು ಹೋಗುತ್ತಾಳೆ. ಆಕೆಯದೇನೂ ತಪ್ಪಿಲ್ಲ, ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ. ಡಬ್ಬಿ ಕಟ್ಟೆಯ ಮೇಲೆ ಇರುತ್ತದೆ, ನಾನು ಕುರ್ಚಿಯಲ್ಲಿ ಇರುತ್ತೇನೆ. ಸಂಜೆಗೆ ನೋಡಿದರೆ ಇಬ್ಬರೂ ಅಲ್ಲೇ. ಮೊದಮೊದಲು 'ಇವತ್ತ ಉಪಾಸ' ಎಂದು ಹೇಳಿ ಕಳಿಸುತ್ತಿದ್ದೆ. ಆಕೆ ಸೊಂಟದ ಮೇಲೆ ಕೈ ಇಟ್ಟು, 'ನೀವು ಬುದ್ಧನ ಮಂದಿ, ನಿಮಗ ಯಾವ ಸೋಮವಾರ್ರಿ ಯಪ್ಪಾ?' ಎಂದಳು. ಅಂದಿನಿಂದ ಖಾಲಿ ಡಬ್ಬಿ ತೋರಿಸಬೇಕಾಯಿತು. ರೊಟ್ಟಿಯನ್ನು ಎದುರುಮನೆ ನಂದಾಳ ಎಮ್ಮೆಗೆ ಹಾಕುತ್ತೇನೆ. ಕಳೆದ ತೂಕ ಎಲ್ಲಿಗೆ ಹೋಯಿತು ಎಂದು ಡಾಕ್ಟರರು ಕೇಳಿದ್ದರೆ ತೋರಿಸಬಹುದಿತ್ತು, ಎಮ್ಮೆ ಭಾಳ ಚಂದ ದುಂಡಗಾಗಿದೆ. ದಾದಾಸಾಬ ಮೊನ್ನೆ ತಿಕೋಟಾದಿಂದ ಬಸ್ಸಿಗೆ ಬಂದಿದ್ದ. ಮಗನ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿ ಮಣೂಕ ಆಗಲೆಂದು ಹಾಕಿದ್ದಾರೆ, ಹೋದ ಸುಗ್ಗಿಯ ಮಣೂಕ ಒಂದು ಚೀಲ ತಂದಿದ್ದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. 'ದ್ರಾಕ್ಷಿ ಇದ್ದಿ, ಮಣೂಕ ಆದಿ. ಮಣೂಕ ಆದ ಮ್ಯಾಲ ಯಾರೂ ಮತ್ತ ಒಣಗಸೂದಿಲ್ಲಲೇ, ನಿನ್ನ ಯಾವನ ಒಣಗಾಕ ಹಾಕ್ಯಾನ?' ಎಂದ. ಸಕ್ಕರೆ ಕಾಯಿಲೆ ಅಂದರೆ, 'ನಾಕ ತಿಂದ್ರ ಸಕ್ಕರಿ ಏನ ಪೊಲೀಸ್ರಿಗೆ ಹೇಳತೈತೇನ?' ಎಂದು ಕೈಗೆ ಹಾಕಿದ. ಅವನು ಇರುವ ತನಕ ಹಿಡಿದುಕೊಂಡು ಕೂತಿದ್ದೆ. ಅಳು ಬಂದರೆ ಒಳ್ಳೆಯದು ಎಂದು ಅವನು ಹೇಳುತ್ತಾನೆ. ಅಳುವೂ ಇಲ್ಲ, ಹಸಿವೂ ಇಲ್ಲ, ಬೇಜಾರವೂ ಅಂಥದ್ದೇನಿಲ್ಲ. ಮುಂಜಾನೆ ಆಗುತ್ತದೆ, ಸಂಜೆ ಆಗುತ್ತದೆ. ಬಬಲೇಶ್ವರದ ಬಸ್ಸಿನಲ್ಲಿ ಹಳೆಯ ರೈತರು ಸಿಕ್ಕು 'ಭಾಳ ಬಡವಾಗೀರಲ್ರಿ ಸಾಹೇಬ್ರ' ಎಂದರೆ, ಯಾರದೋ ಸುದ್ದಿ ಕೇಳಿದಂತೆ ಕೇಳಿಸಿಕೊಂಡು ಕೂಡುತ್ತೇನೆ.

ಸೋಲಾಪುರಕ್ಕೆ ಬಂದುಬಿಡು ಎಂದು ಮಾತ್ರ ಬರೆಯಬೇಡ. ನಿಮ್ಮದು ಎರಡು ಖೋಲಿಯ ಮನೆ, ಪ್ರತಾಪನ ತಾಯಿ ನನಗಾಗಿ ಅಡಿಗೆಮನೆಯಲ್ಲಿ ಮಲಗುವುದನ್ನು ನಾನು ಇನ್ನೊಮ್ಮೆ ನೋಡಲಾರೆ. ಡಾಕ್ಟರರು ಬರೆದುಕೊಟ್ಟ ಪ್ರೋಟೀನ್ ಪುಡಿ ತಂದಿದ್ದೇನೆ, ಡಬ್ಬದ ಮೇಲೆ ಒಬ್ಬ ಪೈಲವಾನ ಇದ್ದಾನೆ, ಇನ್ನೂ ಒಡೆದಿಲ್ಲ. ಮತ್ತೇನೋ ಬರೆಯಬೇಕೆಂದಿದ್ದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಈಗ ನೋಡಿದರೆ ಬೆಳಕು ಹೋಗುತ್ತಿದೆ, ಸಾಲು ಎಲ್ಲಿ ಮುಗಿಯಿತು ಎಂಬುದೂ ಸರಿ ಕಾಣುತ್ತಿಲ್ಲ. ಇಲ್ಲಿಗೆ ಸಾಕು. ಕೂತ ಸೊಂಟ ನೋಯದಿರಲಿ, ಮನಸ್ಸು ಹಗುರಾಗಿ ಮನೆಗೆ ಬಾ. ಪ್ರತಾಪನಿಗೂ ಅವನ ತಾಯಿಗೂ ನನ್ನ ಜೈಭೀಮ್ ತಿಳಿಸು.

ನಿನ್ನ ಅಪ್ಪ,
ಭಾಗಪ್ಪ

ತಾ.ಕ.: ಬೀದಿದೀಪ ಹತ್ತಿತು, ಅದರ ಬೆಳಕಲ್ಲಿ ಅವಸರದಿಂದ ಬರೆಯುತ್ತಿದ್ದೇನೆ. ಇನ್ನು ಮುಂದೆ ಫೋನ್ ಮಾಡಿದಾಗ 'ಊಟ ಆತೇನು ಯಪ್ಪಾ' ಎಂದು ಕೇಳಬೇಡ. ಹಾಗೆ ಯಾರು ಕೇಳಿದರೂ 'ಆತು' ಎಂದೇ ಬಾಯಿಗೆ ಬರುತ್ತದೆ, ಉಂಡಿರಲಿ ಬಿಡಲಿ. ನಿನ್ನ ಅವ್ವ ಅದನ್ನು ಎಂದೂ ಕೇಳಿದವಳಲ್ಲ, ಒಳಗಿನಿಂದ ಕೂಗುತ್ತಿದ್ದಳು, ನಾನು ಹೋಗಿ ಕೂಡುತ್ತಿದ್ದೆ. ನಿಮ್ಮ ಮನೆಯಲ್ಲಿ ನೀನು ಕೂಗುತ್ತಿದ್ದೆ. ಇಲ್ಲಿ ಯಾರೂ ಕೂಗುವುದಿಲ್ಲ, ಕರೆಯದೆ ತಾಟಿನ ಮುಂದೆ ಹೋಗಿ ಕೂಡುವುದು ನನಗೆ ಬರುವುದಿಲ್ಲ. ಆದಕಾರಣ ಫೋನಿನಲ್ಲಿ 'ಉಣ್ಣಾಕ ಬಾ ಯಪ್ಪಾ' ಎನ್ನು. ಸ್ವಲ್ಪ ಜೋರಾಗಿಯೇ ಅನ್ನು, ಅಷ್ಟು ಅಂದು ಇಟ್ಟುಬಿಡು. ನಾನು ಏಳುತ್ತೇನೆ.