ಕೂತವರನ್ನು ಮಲಗಿದಲ್ಲಿ ಹುಡುಕಿದ ಸಮಿತಿಗೆ

ವಿಮಾನ ಅಪಘಾತ ಸ್ಥಳ ಶೋಧನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಹೊಲದ ಬದುವಿನಲ್ಲಿ ಯಾವ ವಿಮಾನದವರನ್ನೂ ಹೂಳಿಲ್ಲ, ಊರವರು ಹೇಳುವುದೆಲ್ಲ ದಂತಕಥೆ ಎಂದು ತಾವು ಸಹಿ ಮಾಡಿ, ಮೊಹರು ಒತ್ತಿ ವರದಿ ಕೊಟ್ಟಿದ್ದೀರಿ. ಆ ವರದಿ ತಪ್ಪು. ಆ ವಿಮಾನದ ರೇಡಿಯೋ ನೋಡಿಕೊಳ್ಳುತ್ತಿದ್ದ ಜಾಧವ ಸಾಹೇಬರು ಅಲ್ಲಿಯೇ ಇದ್ದಾರೆ. ತಮಗೆ ಸಿಗದಿದ್ದುದಕ್ಕೆ ಕಾರಣ ಇಷ್ಟೇ: ತಾವು ಮಲಗಿದ ಮನುಷ್ಯನನ್ನು ಹುಡುಕಿದಿರಿ, ಅವರು ಕೂತಿದ್ದಾರೆ.

ಇದನ್ನೋದಿ ತಾವು ನಗಬಹುದು. ಅಡ್ಡಿಯಿಲ್ಲ, ನಗಿರಿ. ಆದರೆ ಅದೇ ವರದಿಯನ್ನೋದಿ ಮಿರಜದಲ್ಲಿ ಅವರ ಮಗಳು ಅಳುತ್ತಿದ್ದಾಳೆ. ಅದಕ್ಕೇ ನಾನು ಪೆನ್ನು ಹಿಡಿದದ್ದು. ಊರ ಸಾಲೆಯಲ್ಲಿ ಏಳನೆಯ ಇಯತ್ತೆಗೆ ನನ್ನ ವಿದ್ಯೆ ನಿಂತಿತು, ನಿಜ. ಆದರೂ ಅರ್ಜಿ ಬರೆಯುವುದರಲ್ಲಿ ಹುನಗುಂದ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳುತ್ತಾರೆ. ಯಾರು ಹೇಳುತ್ತಾರೆ ಎಂದು ಕೇಳಬೇಡಿರಿ. ಹೆಚ್ಚಾಗಿ ನಾನೇ ಹೇಳುತ್ತೇನೆ.

ತಮ್ಮ ಸಮಿತಿಯಲ್ಲಿ ಆ ವಿಮಾನ ಬಿದ್ದ ಮೇಲೆ ಹುಟ್ಟಿದವರೇ ಹೆಚ್ಚು, ಆದ್ದರಿಂದ ನಡೆದದ್ದನ್ನು ಹೇಳುತ್ತೇನೆ. ಅದು ಎರಡು ಪಂಖದ ಡಕೋಟಾ. ಮಹಾಯುದ್ಧಕ್ಕೆಂದು ಹುಟ್ಟಿ, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, ಕೊನೆಗಾಲದಲ್ಲಿ ಒಂದು ಖಾಸಗಿ ಕಂಪನಿಯ ಸಾಮಾನು ಹೊರುತ್ತಿತ್ತು. ಮುದಿ ಎತ್ತನ್ನು ಸಂತೆಗೆ ಹೊಡೆಯುವ ಮುಂಚೆ ಕೊಂಬಿಗೆ ಬಣ್ಣ ಬಳಿಯುತ್ತಾರಲ್ಲ, ಹಾಗೆ ಅದಕ್ಕೂ ಹೊಸ ಬಣ್ಣ ಬಳಿದಿದ್ದರು. ಇಂಥ ಮುದಿ ವಿಮಾನಗಳು ಆ ಕಾಲದಲ್ಲಿ ಅಲ್ಲೊಂದು ಗುಡ್ಡಕ್ಕೆ ಬಡಿದವು, ಇಲ್ಲೊಂದು ಹೊಲಕ್ಕೆ ಬಿದ್ದವು. ತನಿಖೆ ಮಾಡಿದವರ ಕಣ್ಣಿಗೆ ಎಷ್ಟೋ ಸಲ ಮೋಡವೇ ತಪ್ಪಿತಸ್ಥನಾಗಿ ಕಂಡಿತು. ಎಂಜಿನ್ನಿನ ವಯಸ್ಸು ಕೇಳಿದರೆ ಕಂಪನಿಯ ವಕೀಲ ಎದ್ದು ನಿಲ್ಲುತ್ತಾನೆ, ಮೋಡಕ್ಕೆ ವಕೀಲನೆಲ್ಲಿ?

ಶ್ರಾವಣದ ಜಡಿಮಳೆಯಲ್ಲಿ ಅದು ನಮ್ಮೂರ ಗುಡ್ಡಕ್ಕೆ ಬಡಿಯಿತು. ಬೀಳುವುದನ್ನು ಮೊಟ್ಟಮೊದಲು ಕಂಡವನು ನಾನೇ. ಆಗ ನಾನಿನ್ನೂ ಸಾಲೆಗೆ ಸೇರಿರಲಿಲ್ಲ. ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಗುರುಸಿದ್ದವ್ವ ಮಾತ್ರ ಇದನ್ನು ಒಪ್ಪುವುದಿಲ್ಲ. "ಏ ಸುಳ್ಳಬುರುಕ, ಅವತ್ತ ನೀ ಜ್ವರಾ ಬಂದು ನನ್ನ ತೊಡಿಮ್ಯಾಲ ಬಿದ್ದಿದ್ದಿ. ಸಪ್ಪಳಾ ಕೇಳಿ ನನ್ನ ಸೀರಿ ತೋಯಿಸಿದಿ, ಅಷ್ಟ ನೀ ಕಂಡಿದ್ದು" ಎನ್ನುತ್ತಾಳೆ. ಇರಲಿ, ಸಾಕ್ಷಿದಾರರಲ್ಲಿ ಇಂಥ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ.

ಗುಡ್ಡದ ಮೇಲೆ ಪೈಲಟ್ಟುಗಳಿಬ್ಬರ ಹೆಣ ಸಿಕ್ಕವು. ಕಂಪನಿಯವರು ಅಂದೇ ಸಂಜೆ ಬಂದು ಒಯ್ದರು. ಮೂರನೆಯವರಾದ ರೇಡಿಯೋದ ಸಾಹೇಬರು ಮಾತ್ರ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹೊಲದ ನೀರು ಕಡಿಯಲು ಹೋದ ನಮ್ಮಪ್ಪ ಹುಲ್ಲಪ್ಪನಿಗೆ ಅವರು ಕಂಡರು. ಕುರ್ಚಿಸಮೇತ ಸಿಡಿದು ಬಂದು ನಮ್ಮ ಬದುವಿಗೆ ಆನಿಕೊಂಡಿದ್ದರು. ಸೊಂಟದ ಪಟ್ಟಿ ಬಿಚ್ಚಿರಲಿಲ್ಲ, ಕಿವಿಗೆ ಹಾಕಿಕೊಂಡ ರೇಡಿಯೋದ ಬಟ್ಟಲುಗಳು ಹಾಗೆಯೇ ಇದ್ದವು. ಯಾರದೋ ಮಾತು ಕೇಳುತ್ತ ಕೂತಂತೆ ಕಾಣುತ್ತಿದ್ದರು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ.

ಅಷ್ಟರಲ್ಲಿ ಹಳ್ಳ ಬಂದು ದಾರಿ ಕಟ್ಟಿತ್ತು. ಆಚೆ ದಂಡೆಯಲ್ಲಿ ಒಬ್ಬ ಸರಕಾರಿ ಸಾಹೇಬ ಕೊಡೆ ಹಿಡಿದು ನಿಂತು ಬಾಯಿಗೆ ಕೈ ಹಚ್ಚಿ ಕೂಗಿದ: "ಹೆಣಾ ಇಡಬ್ಯಾಡ್ರಿ, ಹೂಳ್ರಿ! ಮಳಿ ನಿಂತ ಮ್ಯಾಲ ಬರ್ತೇವಿ!"

ಮಳೆ ಅದೇ ವಾರ ನಿಂತಿತು. ತಾವು ಬಂದದ್ದು ಈ ವರ್ಷ.

ಹೂಳುವುದೆಂದರೆ ಹೇಗೆ? ಅಂಗಿಯ ಜೇಬಿನ ಮೇಲೆ ಜಾಧವ ಎಂಬ ಹೆಸರಿತ್ತು, ಅದರಾಚೆಗೆ ಏನೂ ಗೊತ್ತಿಲ್ಲ. ಆ ಮರಾಠಿ ಕಡೆಯವರು ಸುಡುತ್ತಾರೆ ಎಂದು ಯಾರೋ ಅಂದರು. ಆ ಮಳೆಯಲ್ಲಿ ಒಲೆಗೇ ಒಣ ಕಟ್ಟಿಗೆ ಇರಲಿಲ್ಲ. ಬಾವಿ ತೋಡುವ ಹುಸೇನಪೀರ ಸನಿಕೆ ತಂದು ಉದ್ದಕ್ಕೆ ಗೆರೆ ಎಳೆಯತೊಡಗಿದ. ಆಗ ಅಪ್ಪ ತಡೆದ.

"ತಡಿಯೋ ಪೀರಾ. ಕಾಲು ನೀಡವಲ್ಲವು, ಸೆಟದಾವ. ಮಲಗಿಸಬೇಕಂದ್ರ ಮುರಿಬೇಕಾಕ್ಕೈತಿ."

"ಮತ್ತೇನ್ ಮಾಡಾಣು?"

"ಕುಂತು ಬಂದಾನ, ಕುಂತ ಹೋಗ್ಲಿ. ನಮ್ಮಂಗ ಗೂಡಿನ ಕುಣಿ ತೋಡು."

"ಸರಿ ಸರ್ರಿ ಹಂಗಾರ, ಗೂಡು ನಾನ ಕೊರೀತೇನಿ. ಮಗ್ಗಲಿಗೆ ಕೊರಿಯೂದು ನಮ್ಮ ಮಂದ್ಯಾಗೂ ಐತಿ. ನಿಮಗ ಬಿಟ್ರ ಹ್ವಾದ ವರ್ಷ ನೀವ ತೋಡಿದ ಬಂಡೆಪ್ಪನ ಕುಣಿಗತೆ ಕುಸೀತೈತಿ."

ಅಧ್ಯಕ್ಷರೇ, ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ಬಸವಣ್ಣನ ಹೆಸರು ಹೇಳುವ ನಮ್ಮಂಥವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಆಳವಾಗಿ ಕುಣಿ ತೋಡಿ, ಅದರ ತಳದಲ್ಲಿ ಒಂದು ಮಗ್ಗುಲಿಗೆ ಗೂಡು ಕೊರೆದು, ಪೂಜೆಗೆ ಕೂತಂತೆ ಅದರೊಳಗೆ ಕೂಡಿಸುತ್ತೇವೆ. ಆಮೇಲೆ ಕುಣಿ ಮುಚ್ಚುತ್ತೇವೆ. ಅಂದರೆ ಮೇಲಿಂದ ನೇರ ಅಗೆದರೆ ಸಿಗುವುದು ಬರೀ ಮಣ್ಣು. ಮನುಷ್ಯ ಇರುವುದು ಮಗ್ಗುಲಲ್ಲಿ. ಜಾಧವ ಸಾಹೇಬರನ್ನೂ ಹಾಗೆಯೇ ಕೂಡಿಸಿದರು. ಆಗಿನ್ನೂ ಹೊಸ ಸೊಸೆಯಾಗಿದ್ದ ಗುರುಸಿದ್ದವ್ವ ಮುಖ ತೊಳೆದು ವಿಭೂತಿ ಹಚ್ಚಿದಳು. ವಿಮಾನದವರು ಯಾವ ದೇವರವರೋ ಏನೋ, ತಪ್ಪಿದ್ದರೆ ಅವರವರ ದೇವರು ತಿದ್ದಿಕೊಳ್ಳಲಿ ಎಂದಳಂತೆ.

ವಿಮಾನದ ಉಳಿಕೆ ಏನಾಯಿತು ಎಂದು ತಮ್ಮ ಎಂಜಿನಿಯರರು ನನ್ನನ್ನು ಬಹಳ ಗಂಭೀರವಾಗಿ ಕೇಳಿದರು. ನಾನು ಆಗ ಕೆಮ್ಮಿ ಮಾತು ಮರೆಸಿದೆ. ಈಗ ಹೇಳುತ್ತೇನೆ: ನಮ್ಮ ಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುವ ಪರಾತ ವಿಮಾನದ ರೆಕ್ಕೆಯದು. ತಾವು ಊಟಕ್ಕೆ ಕೂತಾಗ "ಬಾಗಲಕೋಟೆ ಜಿಲ್ಲೆಯಲ್ಲೇ ಇಂಥ ರೊಟ್ಟಿ ತಿಂದಿಲ್ಲ" ಎಂದಿರಲ್ಲ, ಅದು ಹಾರಿ ಬಂದ ರೊಟ್ಟಿ.

ಇನ್ನು ತಮ್ಮ ಅಗೆತಕ್ಕೆ ಬರೋಣ. ಮೂರು ಜೀಪು, ಒಂದು ಜೆಸಿಬಿ, ತಮಗೆ ನೆರಳು ಹಿಡಿಯಲು ಒಬ್ಬ, ಆ ನೆರಳಿನ ಫೋಟೋ ಹಿಡಿಯಲು ಇನ್ನೊಬ್ಬ. ಬನ್ನಿಗಿಡದ ಬುಡದಲ್ಲಿ ಗುರುತಿಗೆ ನೆಟ್ಟ ಕಲ್ಲನ್ನು ನಾನೇ ಮುಂದೆ ನಿಂತು ತೋರಿಸಿದೆ. ಜಾಗ ಸರಿಯಾಗಿಯೇ ತೋರಿಸಿದೆ. ತಮ್ಮ ಎಂಜಿನಿಯರರು ಸುಣ್ಣದ ಪುಡಿಯಿಂದ ಮಂಚದಂತೆ ಉದ್ದನೆಯ ಚೌಕ ಬರೆದರು. ಜೆಸಿಬಿ ಎದೆಮಟ್ಟ ಅಗೆಯಿತು. ಗರಸುಕಲ್ಲಿನ ಮಣ್ಣು ಹತ್ತಿದ ಕೂಡಲೇ ತಾವು ಕೈಯೆತ್ತಿ "ಇಲ್ಲಿ ಏನೂ ಇಲ್ಲ" ಎಂದಿರಿ. ನನ್ನ ಬಾಯಿಯೂ ಅಂದೇ ಕಟ್ಟಿತ್ತು ನೋಡಿರಿ. ಕೂಡಿಸಿದ್ದಾರೆ ಎಂದು ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಸತ್ತವರು ಕೂತಿರುತ್ತಾರೆ ಎಂಬುದನ್ನು ನಮ್ಮೂರಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಬೆಲ್ಲ ಸಿಹಿ ಇರುತ್ತದೆ ಎಂದು ತಾವು ಅಂಗಡಿಯವನಿಗೆ ಹೇಳುತ್ತೀರೇನು? ತಾವು ಕೇಳಲಿಲ್ಲ, ನಾವು ಹೇಳಲಿಲ್ಲ. ನಡುವೆ ಜಾಧವ ಸಾಹೇಬರು ಇಲ್ಲವಾಗಿ ಹೋದರು.

ಚಿಗವ್ವ ಆ ದಿನ ಇಳಕಲ್ಲಿನ ಮಗಳ ಮನೆಯಲ್ಲಿದ್ದಳು. ತಿರುಗಿ ಬಂದು ತಮ್ಮ ತಗ್ಗು ನೋಡಿದಳು.

"ಇದ್ಯಾಕೋ ತೋಡ್ಯಾರ? ಎಮ್ಮಿ ಮೈ ತೊಳ್ಯಾಕ?"

"ಜಾಧವ ಸಾಹೇಬರನ್ನ ಹುಡುಕಿದ್ರು ಚಿಗವ್ವಾ. ಸಿಗಲಿಲ್ಲ."

"ಹಿಂಗ ಹುಡುಕಿದ್ರ ಹ್ಯಾಂಗ ಸಿಗ್ತಾನ? ಅಂವೇನ್ ಹಾಸಗಿ ಹಾಸ್ಕೊಂಡು ಮಲಗ್ಯಾನೇನ್? ಕುಂತಾನಲ್ಲೋ! ಅವರಿಗೆ ಹೇಳಲಿಲ್ಲೇನ್ ನೀ? ಊರ ಮಂದಿ ತಲಿ ತಿಂತಿ, ಹೇಳೂದೊಂದು ಮಾತು ನುಂಗಿ ಕುಂತಿ!"

ಕೋಲಿನಿಂದ ತಗ್ಗಿನ ಪಡುವಣ ಗೋಡೆಯನ್ನು ಕುಟ್ಟಿ, ಇನ್ನೂ ಕೆಳಗೆ ಹೋಗಿ, ಇತ್ತ ಕೊರೆದಿದ್ದರೆ ಮೊಣಕಾಲು ಸಿಗುತ್ತಿದ್ದವು ಎಂದಳು. ನಾವೇ ಅಗೆಯೋಣವೆಂದರೆ, ಅನುಮತಿಯಿಲ್ಲದೆ ಅಗೆದವರ ಮೇಲೆ ಕೇಸು ಹಾಕುವುದಾಗಿ ತಮ್ಮ ಬೋರ್ಡು ನಿಂತಿದೆ. ಆ ಬೋರ್ಡನ್ನು ಮಾತ್ರ ಬಹಳ ಆಳವಾಗಿ ನೆಟ್ಟಿದ್ದೀರಿ.

ಅದೇ ವಾರ ಮಿರಜದಿಂದ ಇಂದ್ರಾಬಾಯಿಯ ಫೋನು ಬಂತು. ಜಾಧವ ಸಾಹೇಬರು ಸತ್ತಾಗ ತೊಟ್ಟಿಲಲ್ಲಿದ್ದ ಮಗಳು. ಹೆಣ ಹೊಳೆಯಲ್ಲಿ ಹೋಯಿತು ಎಂದು ತಾಯಿಗೆ ತಿಳಿಸಿ ಕಂಪನಿ ಬಾಗಿಲು ಹಾಕಿಕೊಂಡಿತಂತೆ. ದೊಡ್ಡವಳಾದಂದಿನಿಂದ ಕಚೇರಿ ಕಚೇರಿ ಅಲೆದು ತಮ್ಮ ಸಮಿತಿ ಹುಟ್ಟುವಂತೆ ಮಾಡಿದವಳು ಅವಳೇ. ಮಿರಜದವರಿಗೆ ಕನ್ನಡ ಬರುತ್ತದೆ.

"ಭಾವೂ, ನೀವೆಲ್ಲಾ ಭಾಳ ಕಷ್ಟಾ ತಗೊಂಡ್ರಿ. ಸರಕಾರದವರು ಇಲ್ಲ ಅಂತ ಬರದು ಕೊಟ್ಟಾರ. ಮಹಾಲಯ ಅಮವಾಸಿಗೆ ದರ್ಭೆದ ಗೊಂಬಿ ಮಾಡಿ, ಅದನ್ನ ಅಪ್ಪಾ ಅಂತ ತಿಳಕೊಂಡು ಸುಡ್ರಿ ಅಂತಾರ ಭಟ್ಟರು."

"ಅಕ್ಕಾರ, ತಡೀರಿ! ನಿಮ್ಮಪ್ಪಾರು ಇಲ್ಲೇ ಅದಾರ. ಕುಂತಾರ!"

ಎಲ್ಲ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಇಷ್ಟು ವರ್ಷ ಎಲ್ಲಾರೂ ಏನಾರ ಒಂದು ಹೇಳ್ಯಾರ ಭಾವೂ. ಇನ್ನ ಆಸೆ ಹಚ್ಚಬ್ಯಾಡ್ರಿ. ತೋರಸೂದಿದ್ರ ಕರೀರಿ."

ಚಿಗವ್ವ ನನ್ನ ಕೈಯಿಂದ ಫೋನು ಕಸಿದಳು. "ಯವ್ವಾ, ಮೂಡಲಕ್ಕ ಮಾರಿ ಮಾಡಿ ಕೂಡಿಸೀವಿ ನಿಮ್ಮಪ್ಪನ್ನ. ಮಾರಿ ನಾನ ತೊಳದೇನಿ. ಗಲ್ಲದ ಮ್ಯಾಲ ಒಂದು ಮಚ್ಚಿ ಇತ್ತು, ಎಡಕ."

ಆಚೆಯಿಂದ ಅಳುವಷ್ಟೇ ಕೇಳಿಸಿತು. ತಾಯಿ ಆ ಮಚ್ಚೆಯ ಮಾತು ಹೇಳುತ್ತಿದ್ದಳಂತೆ. ಇದನ್ನು ಯಾವ ದಂತಕಥೆಯಲ್ಲಿ ಓದಿದಿರಿ, ಅಧ್ಯಕ್ಷರೇ?

ಇನ್ನೊಂದು ಮಾತು. ಆ ತಗ್ಗಿನ ತೆಂಕಣಕ್ಕೆ, ಜೆಸಿಬಿ ತಿರುಗಿಸುವಾಗ ಇನ್ನೇನು ಗಾಲಿ ಹತ್ತಿಸಲಿದ್ದ ಜಾಗದಲ್ಲಿ, ನಮ್ಮಪ್ಪ ಕೂತಿದ್ದಾನೆ. ನಮ್ಮ ಮಂದಿಯನ್ನು ಹೂಳುವ ಜಾಗ ಹಳ್ಳದಾಚೆಗಿದೆ. ಆದರೆ ಕಡೆಗಾಲದಲ್ಲಿ ಅಪ್ಪ ನನ್ನನ್ನು ಕರೆದು ಹೇಳಿದ: "ಅಂವಗ ಇಲ್ಲಿ ಗುರ್ತಿನವರು ಯಾರೂ ಇಲ್ಲ. ನನ್ನ ಅಂವನ ಮಗ್ಗಲಕ್ಕ ಕೂಡಸು." ಕೂಡಿಸಿದೆ. ಈಗ ಹೇಳಿರಿ, ಅಲ್ಲಿ ಯಾರೂ ಇಲ್ಲವೆಂದಾದರೆ ನಮ್ಮಪ್ಪ ಇಷ್ಟು ವರ್ಷ ಯಾರ ಜೊತೆಗೆ ಕೂತಿದ್ದಾನೆ?

ಆದ್ದರಿಂದ ನನ್ನ ಬೇಡಿಕೆ. ಮಹಾಲಯ ಅಮಾವಾಸ್ಯೆಯ ಮುಂಚೆ ತಾವು ಮತ್ತೊಮ್ಮೆ ಬರಬೇಕು. ಜೆಸಿಬಿ ಬೇಡ, ಸನಿಕೆ ಹಿಡಿಯುವ ನಾಲ್ಕು ಆಳು ಸಾಕು, ಹುಸೇನಪೀರನ ಮೊಮ್ಮಗ ಜಹೀರ ಮುಂದೆ ನಿಂತು ಕೊರೆಯುತ್ತಾನೆ. ಇಂದ್ರಾಬಾಯಿಯನ್ನು ತಾವೇ ಗೌರವದಿಂದ ಕರೆಸಬೇಕು. ಮಗಳ ಕಣ್ಣಿಗೆ ಕಾಣುವಷ್ಟು ಮಾತ್ರ ಗೂಡು ತೆರೆಯಬೇಕು. ಒಯ್ಯುವುದೋ, ಅಲ್ಲಿಯೇ ಇರಿಸುವುದೋ ಆಕೆಯ ಇಚ್ಛೆ. ಅದರಲ್ಲಿ ಸಮಿತಿಯೂ ಬಾಯಿ ಹಾಕಬಾರದು, ನಾನೂ ಹಾಕುವುದಿಲ್ಲ. ಆಮೇಲೆ "ಇಲ್ಲ" ಎಂದು ಬರೆದ ಅದೇ ಕೈಯಿಂದ "ಇದ್ದಾರೆ" ಎಂದು ಬರೆದು, ಆಕೆಯ ಕೈಗೆ ಕೊಡಬೇಕು.

ಗುರುಸಿದ್ದವ್ವನಿಗೆ ಈಗ ಕಣ್ಣು ಮಂಜು, ನಡೆಯುವಾಗ ದಮ್ಮು. ಜಾಧವ ಸಾಹೇಬರನ್ನು ಕೂಡಿಸಿದ ಕೈಗಳಲ್ಲಿ ಉಳಿದಿರುವುದು ಅವಳವೆರಡೇ. ದಿನಾ ಬೆಳಿಗ್ಗೆ ತಗ್ಗಿನ ದಂಡೆಗೆ ಹೋಗಿ ಕೂತು, "ಆ ಹುಡುಗಿ ಬಂದಳೇನೋ?" ಎಂದು ಕೇಳುತ್ತಾಳೆ. ಆ ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಬೇಗ ಬನ್ನಿರಿ.

ಇಂತಿ,
ಜನ್ಮದಲ್ಲೊಮ್ಮೆ ಖರೆ ಹೇಳಿ, ಅದೂ ಅರ್ಧಕ್ಕೇ ಹೇಳಿ ಸಿಕ್ಕಿಬಿದ್ದ
ಅಂದಪ್ಪ ಹುಲ್ಲಪ್ಪ
ಹುನಗುಂದ ತಾಲೂಕು