ಶೇಖವ್ವ ಕೈ ತೊಳೆದುಕೊಂಡಿದ್ದಳು

ಮಾನ್ಯರೇ,

ವೈದ್ಯರನ್ನು ಉನ್ನತ ವ್ಯಾಸಂಗಕ್ಕೆ ಬಿಡುಗಡೆ ಮಾಡುವ, ಅಥವಾ ಮಾಡದೆ ಇರುವ, ಕುರ್ಚಿಯಲ್ಲಿ ಕುಳಿತಿರುವ ತಮಗೆ ಸರ್ಕಾರಿ ಸರ್ಜನ್ ಒಬ್ಬ ಪತ್ರಿಕೆಯ ಮೂಲಕ ಬರೆಯುವುದು ನಡತೆ ನಿಯಮಗಳಿಗೆ ವಿರುದ್ಧ ಎಂದು ನನಗೆ ಗೊತ್ತು. ನಿಯಮದ ಪ್ರಕಾರ ಮೇಲಧಿಕಾರಿಗಳ ಮುಖಾಂತರ ಕಳಿಸಿದ ನಾಲ್ಕು ಅರ್ಜಿಗಳು ಯಾರ ಮುಖ ಕಂಡವೋ ತಿಳಿಯಲಿಲ್ಲ. ಐದನೆಯದಕ್ಕೆ ಮೊನ್ನೆ ಉತ್ತರ ಬಂದಿದೆ. ಮೂತ್ರಾಂಗ ಶಸ್ತ್ರಚಿಕಿತ್ಸೆಯ, ಅಂದರೆ ಯುರಾಲಜಿಯ, ಮೂರು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ನಾನು ಪರೀಕ್ಷೆ ಬರೆದು ಆಯ್ಕೆಯಾಗಿದ್ದೇನೆ. ಈ ಜುಲೈ ಮೂವತ್ತೊಂದರೊಳಗೆ ಕಾಲೇಜು ಸೇರದಿದ್ದರೆ ಸೀಟು ಇನ್ನೊಬ್ಬರ ಪಾಲು. ನನ್ನ ವಯಸ್ಸಿಗೆ ಮತ್ತೊಮ್ಮೆ ಪರೀಕ್ಷೆಗೆ ಕೂರಿಸುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎನ್ನುವ ಹಾಗೆ, ತಾವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ: ಸಾರ್ವಜನಿಕ ಹಿತದೃಷ್ಟಿಯಿಂದ ಬಿಡುಗಡೆ ಸಾಧ್ಯವಿಲ್ಲ, ಸದರಿ ಆಸ್ಪತ್ರೆಯ ವಾರ್ಷಿಕ ತಖ್ತೆಗಳಂತೆ ಕಳೆದ ಐದು ವರ್ಷಗಳಲ್ಲಿ ಮೂತ್ರಾಂಗದ ಕಾಯಿಲೆಯಿಂದ ಒಂದೂ ಮರಣ ಸಂಭವಿಸಿಲ್ಲವಾದ್ದರಿಂದ ಈ ವ್ಯಾಸಂಗದ ಅವಶ್ಯಕತೆ ಕಂಡುಬರುವುದಿಲ್ಲ.

ರೋಗ, ಮರಣಗಳ ಲೆಕ್ಕದ ಆ ತಖ್ತೆಗಳಿಗೆ ಸಹಿ ಹಾಕಿದವನು ನಾನು. ಅದರಲ್ಲಿ 1990ನೇ ಇಸವಿಯದು ಸುಳ್ಳು. ಅದು ಹೇಗೆ ಸುಳ್ಳಾಯಿತು ಎಂದು ಹೇಳುವುದಕ್ಕೇ ಈ ಪತ್ರ.

ಹೋದ ಚಳಿಗಾಲದಲ್ಲಿ ತಾವು ಹಾವೇರಿಗೆ ಬಂದಾಗ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಮೂರು ತಾಸು ಕಾದು ತಮ್ಮನ್ನು ಕಂಡಿದ್ದೆ. ತಾವು ಊಟದ ಎಲೆಯಿಂದ ತಲೆ ಎತ್ತದೆ ಕೇಳಿದಿರಿ: "ಮೂತ್ರಕ್ಕೆ ಅಂತ ಮೂರು ವರ್ಷ ಓದಬೇಕೇನ್ರೀ ಡಾಕ್ಟ್ರೇ?" ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ನೌಕರಿ ಮಾಡುವವನು ನಗಬೇಕಾದಲ್ಲಿ ನಗುತ್ತಾನೆ. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ಕೊಡುತ್ತಿದ್ದೇನೆ.

ನನ್ನ ಆಸ್ಪತ್ರೆ ಬ್ಯಾಡಗಿ ಕಡೆಯದು. ತಮ್ಮ ಊರಿನ ಸಾರಿಗೆ ಬಣ್ಣ ಕೊಡುವ ಮೆಣಸಿನಕಾಯಿ ನಮ್ಮಲ್ಲಿಂದ ಹೋಗುತ್ತದೆ. ಹಂಗಾಮಿನಲ್ಲಿ ನೂರಾರು ಹೆಂಗಸರು ಬೆಳಗಿನಿಂದ ಹೊತ್ತು ಮುಳುಗುವ ತನಕ ವರ್ತಕರ ಅಂಗಳದಲ್ಲಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾರೆ. ಅವರಲ್ಲಿ ಒಂದು ಕಟ್ಟಳೆ ಇದೆ. ಕೈಗೆ ಖಾರ ಹತ್ತಿದ ಮೇಲೆ ಸಂಜೆ ಮಜ್ಜಿಗೆ ಹಾಕಿ ತಿಕ್ಕಿ ತೊಳೆಯುವವರೆಗೆ ಕಣ್ಣು ಮುಟ್ಟುವಂತಿಲ್ಲ, ಕೂಸು ಮುಟ್ಟುವಂತಿಲ್ಲ, ಬಯಲಿಗೂ ಹೋಗುವಂತಿಲ್ಲ. ಹೋಗಿ ಖಾರದ ಕೈಯಲ್ಲಿ ತೊಳೆದುಕೊಂಡರೆ ಉರಿಯಿಂದ ಕೂರಲಾಗದು, ನಿಲ್ಲಲಾಗದು. ಹಾಗಾಗಿ ಅವರು ಹಗಲಿಡೀ ನೀರನ್ನೇ ಕುಡಿಯುವುದಿಲ್ಲ. ಮೋಟೆಬೆನ್ನೂರಿನಿಂದ ದಿನಾ ನಡೆದು ಬಂದು ಇದೇ ಕೆಲಸ ಮಾಡಿ ನನ್ನನ್ನು ಡಾಕ್ಟರ್ ಮಾಡಿದವಳು ನನ್ನ ತಾಯಿ ಉಡಚವ್ವ. ಉರಿಮೂತ್ರ ಎಂದರೆ ಖಾರದ ಕೈ, ಅದಕ್ಕೆ ಮಜ್ಜಿಗೆ, ಕೊತ್ತಂಬರಿ ಬೀಜದ ನೀರು: ಇದನ್ನು ನಾನು ಕಲಿತದ್ದು ಯಾವ ಮೆಡಿಕಲ್ ಕಾಲೇಜಿನಲ್ಲೂ ಅಲ್ಲ, ಅವ್ವನ ಮಡಿಲಲ್ಲಿ. ಹೊರಗಿನ ಡಾಕ್ಟರ್ ಆಗಿದ್ದರೆ ನಾನು ಮುಂದೆ ಹೇಳಲಿರುವ ತಪ್ಪು ಮಾಡುತ್ತಿರಲಿಲ್ಲ. ಈ ಊರನ್ನು ಚೆನ್ನಾಗಿ ಬಲ್ಲೆ ಎನ್ನುವ ಸೊಕ್ಕಿನಿಂದಲೇ ನಾನು ಮಾಡಿದೆ.

ಶೇಖವ್ವನೂ ತುಂಬು ಬಿಡಿಸುವವಳೇ. 1990ರ ಜನವರಿಯಲ್ಲಿ ನನ್ನ ಹತ್ತಿರ ಬಂದಳು. ಮೂವತ್ತು ದಾಟಿರಲಿಲ್ಲ. ಗಂಡ ಮೈಲಾರೆಪ್ಪ ಅದೇ ಅಂಗಳದಲ್ಲಿ ಚೀಲ ಹೊರುವ ಹಮಾಲ. "ಭಾಳ ಉರೀತೈತ್ರಿ ಸಾಹೇಬ್ರ, ಸೊಂಟಾನೂ ಹಿಡದೈತಿ" ಅಂದಳು. ಕೈ ಸರಿಯಾಗಿ ತೊಳೆದುಕೋ ಎಂದು ಗದರಿಸಿ, ಒಂದು ಚೀಟಿ ಬರೆದು ಕಳಿಸಿದೆ. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು.

ಫೆಬ್ರವರಿಯಲ್ಲಿ ಮತ್ತೆ ಬಂದಳು. ಈ ಸಲ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. "ಹದಿನೈದು ದಿನ ಆತ್ರಿ, ಅಂಗಳದ ಕಡೆ ಹೋಗೇ ಇಲ್ಲ. ಮೆಣಸಿನಕಾಯಿ ಮುಟ್ಟಿಲ್ಲ. ಬೇಕಾದ್ರ ಮೂಸಿ ನೋಡ್ರಿ." ನಾನು ನಕ್ಕುಬಿಟ್ಟೆ. "ಖಾರ ಮೈಯಾಗ ಹೊಕ್ಕರ ಲಗೂ ಹೋಗೂದಿಲ್ಲವ್ವಾ, ಮಜ್ಜಿಗಿ ಕುಡಿ" ಅಂದೆ. ಕೂಲಿ ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದಾಳೆ ಎಂದೂ ಒಂದು ಕ್ಷಣ ಅನ್ನಿಸಿತ್ತು. ನಮ್ಮ ನರ್ಸ್ ಜೈತೂನಬಿ ಮಾತ್ರ ಅವಳ ಮುಖ ನೋಡಿ, ನನಗೆ ಹೇಳದೆ, ರಾಣೇಬೆನ್ನೂರಿಗೆ ಹೋಗಿ ಎಕ್ಸ್-ರೇ ತೆಗೆಸಿಕೋ ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು. ಗಂಡ ಹೆಂಡತಿ ಹೋಗಿ ತೆಗೆಸಿದರು. ಫಿಲ್ಮು ಗುರುವಾರ ಬಂದು ಒಯ್ಯಿರಿ ಎಂದರಂತೆ. ಗುರುವಾರ ಅವರು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದರೆ ಡಾಕ್ಟರ್ ಸಾಹೇಬರು ಖಾರ ಅಂದಿದ್ದಾರೆ, ಮತ್ಯಾಕೆ ಒಂದು ದಿನ ಹಾಳು ಮಾಡುವುದು ಎಂದು.

ಮೂರನೆಯ ಸಲ ಅವಳನ್ನು ಹೊತ್ತು ತಂದರು. ಮಾರ್ಚ್ ತಿಂಗಳು. ಚಳಿಜ್ವರ, ಎರಡು ದಿನದಿಂದ ಮೂತ್ರವಿಲ್ಲ. ರಬ್ಬರ್ ನಳಿಕೆ ಹಾಕಿದೆ. ನಾಲ್ಕು ಹನಿ ಕೀವು ಬಂತು, ಮತ್ತೇನೂ ಬರಲಿಲ್ಲ. ಮೂತ್ರಕೋಶ ಖಾಲಿ ಇತ್ತು. ತಡೆ ಅದಕ್ಕಿಂತ ಮೇಲೆ, ಮೂತ್ರಪಿಂಡದ ಹತ್ತಿರ ಎಲ್ಲೋ ಇದೆ ಎಂದು ಆಗ ಹೊಳೆಯಿತು. ಹೊಳೆದು ಏನು ಮಾಡಲಿ? ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ಸೂಜಿ ಇಳಿಸಿ, ಅದರ ಜಾಡಿನಲ್ಲೇ ಸಣ್ಣ ನಳಿಕೆ ಕೂರಿಸಿದರೆ ಕಟ್ಟಿಕೊಂಡ ಮೂತ್ರ ಹೊರಬಂದು ರೋಗಿ ಉಳಿಯುತ್ತಾಳೆ ಎಂದು ಪುಸ್ತಕದಲ್ಲಿ ಓದಿದ್ದೆ. ಮಾಡಿದ್ದು ಇರಲಿ, ಮಾಡುವುದನ್ನು ಕಣ್ಣಿಂದ ಕಂಡವನೂ ಅಲ್ಲ. ಏನಾದರೂ ಮಾಡಬೇಕಲ್ಲ ಎಂದು ಎರಡು ಬಾಟಲಿ ಸಲೈನ್ ಏರಿಸಿದೆ. ಹೊರಹೋಗುವ ದಾರಿಯೇ ಇಲ್ಲದ ಮೈಗೆ ನೀರು ತುಂಬಿದೆ. ಅರ್ಧ ದಿನ ಹಾಗೆಯೇ ಕಳೆಯಿತು.

ಆಸ್ಪತ್ರೆಯ ಜೀಪು ಅವತ್ತು ಕುಟುಂಬ ಯೋಜನೆಯ ಕ್ಯಾಂಪಿಗೆ ಹೋಗಿತ್ತು. ಮೈಲಾರೆಪ್ಪ ಓಡಿಹೋಗಿ, ಹುಬ್ಬಳ್ಳಿಗೆ ಹೊರಟಿದ್ದ ಮೆಣಸಿನಕಾಯಿ ಲಾರಿಯೊಂದನ್ನು ನಿಲ್ಲಿಸಿದ. ಚೀಲಗಳ ಮೇಲೆ ಹಾಸಿಗೆ ಹಾಸಿ ಮಲಗಿಸಿದೆವು. ನಾನೂ ಹತ್ತಿದೆ. ಹಾವೇರಿ ದಾಟಿದ ಮೇಲೆ ಅವಳು ಕಣ್ಣು ತೆರೆದು, ಊದಿಕೊಂಡ ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದಳು. "ಚಲೋತ್ನಂಗ ತೊಳಕೊಂಡೇನ್ರಿ ಸಾಹೇಬ್ರ. ಇನ್ನೂ ಖಾರ ಐತೇನು ನೋಡ್ರಿ." ಅವತ್ತು ಮೂಸಿ ನೋಡಿದೆ, ಮಾನ್ಯರೇ. ಆದರೆ ಆ ಲಾರಿಯಲ್ಲಿ ಎಲ್ಲವೂ ಖಾರದ ವಾಸನೆಯೇ ಆಗಿತ್ತು. ಅವಳ ಕೈ, ನನ್ನ ಅಂಗಿ, ಬೀಸುವ ಗಾಳಿ. ಇಲ್ಲವ್ವಾ, ನಿನ್ನ ಕೈಯಲ್ಲಿ ಏನೂ ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವಳಿಗೆ ಕೇಳಿಸುತ್ತಿರಲಿಲ್ಲ. ಬಂಕಾಪುರ ಇನ್ನೂ ಬಂದಿರಲಿಲ್ಲ. ತನ್ನ ಕೈಯದೇ ತಪ್ಪು ಎಂದುಕೊಂಡು ಅವಳು ಸತ್ತಳು.

ಐದನೆಯ ದಿನ ಮೈಲಾರೆಪ್ಪ ರಾಣೇಬೆನ್ನೂರಿನಿಂದ ಫಿಲ್ಮು ತಂದು ನನ್ನ ಮೇಜಿನ ಮೇಲಿಟ್ಟ. "ಇದರಾಗ ಏನೈತಿ ಓದಿ ಹೇಳ್ರಿ" ಅಂದ. ಕಿಟಕಿಗೆ ಹಿಡಿದು ನೋಡಿದೆ. ಬೆನ್ನೆಲುಬಿನ ಎರಡೂ ಕಡೆ ಬೆಳ್ಳಗೆ ಒಂದೊಂದು ಕಲ್ಲು. ಓದಲು ಬಾರದವನೂ ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟ. ನಾನು ಅವನಿಗೆ "ಏನೂ ಇಲ್ಲಪಾ, ಜ್ವರ ತಲೀಗೆ ಏರಿತ್ತು" ಎಂದೆ. ವರ್ಷದ ಕೊನೆಗೆ ತಮ್ಮ ಕಚೇರಿಯ ತಖ್ತೆ ಬಂದಾಗ ಜ್ವರದ ಕಾಲಮ್ಮಿನಲ್ಲಿ ಒಂದು ಕೂಡಿಸಿ, ಮೂತ್ರಾಂಗದ ಕಾಲಮ್ಮಿನಲ್ಲಿ ಸೊನ್ನೆ ಬರೆದೆ. ತಾವು ಇವತ್ತು ನನ್ನ ಮುಂದೆ ಹಿಡಿದಿರುವುದು ಅದೇ ಸೊನ್ನೆ.

ಅಲ್ಲಿಂದ ಇಲ್ಲಿಗೆ ಎರಡು ವರ್ಷ ಮೇಲಾಯಿತು. ಹಗಲು ಹನ್ನೊಂದರ ಹೊತ್ತಿಗೆ, ಹೊರರೋಗಿಗಳ ಸಾಲಿನಲ್ಲಿ, ಅಂಗಳದ ಹೆಂಗಸರ ನಡುವೆ ಶೇಖವ್ವ ನಿಂತಿರುತ್ತಾಳೆ. ತಾವು ನಗಬಹುದು. ನಾನು ವಿಜ್ಞಾನ ಓದಿದವನು, ದೆವ್ವ ನಂಬುವುದಿಲ್ಲ. ಆದರೂ ಸಾಲು ಮುಂದೆ ಸರಿದಂತೆ ಅವಳ ಸರದಿ ಬಂತು ಎಂದೇ ನನಗೆ ಅನ್ನಿಸುತ್ತದೆ. ಯಾರಾದರೂ ಅಂಗೈ ಚಾಚಿದರೆ ನಾನು ಕುರ್ಚಿ ಹಿಂದೆ ಸರಿಸುತ್ತೇನೆ. ಉರಿ ಎಂದವರನ್ನೆಲ್ಲ ಹುಬ್ಬಳ್ಳಿಗೆ ಕಳಿಸುತ್ತೇನೆ. ಅರ್ಧಕ್ಕರ್ಧ ಜನ ಹೋಗುವುದಿಲ್ಲ, ಮನೆಗೆ ಹೋಗಿ ಮಜ್ಜಿಗೆ ಕುಡಿಯುತ್ತಾರೆ. "ಸಾಹೇಬ್ರ, ಮಂದಿ ಒಳಗ ಬರಾಕ ಅಂಜಾಕತ್ತಾರ್ರಿ" ಎಂದು ಜೈತೂನಬಿ ಒಂದು ದಿನ ಬಾಗಿಲು ಹಾಕಿ ಹೇಳಿದಳು. "ಉರಿ ಅಂದಕೂಡ್ಲೇ ನಿಮ್ಮ ಮಾರಿ ಹ್ಯಾಂಗಾಗತೈತಿ ಅನ್ನೂದು ನಿಮಗ ಕಾಣೂದಿಲ್ಲ." ಡಾಕ್ಟರಿಗೆ ಶೇಖವ್ವ ಹಿಡಿದಿದ್ದಾಳೆ ಎಂದು ಊರಲ್ಲಿ ಮಾತಾಯಿತು. ಅದು ಮೋಟೆಬೆನ್ನೂರಿಗೂ ಮುಟ್ಟಿ, ಅವ್ವ ಓಡಿ ಬಂದಳು. "ತಮ್ಮಾ, ಗುಡ್ಡಕ್ಕ ಹೋಗಿ ಭಂಡಾರ ಹಚ್ಚಿಸ್ಕೊಂಡು ಬಾ. ಸತ್ತಾಕಿ ಹಿಂಗ ಬೆನ್ನ ಹತ್ತಬಾರದು." ಗುಡ್ಡದ ದೇವರ ಗುಡಿಗೆ ಹೋಗಿ ಹಣೆಗೆ ಆ ಅರಿಶಿನಪುಡಿ ಹಚ್ಚಿಸಿಕೊಂಡೂ ಬಂದೆ. ಮರುದಿನ ಹನ್ನೊಂದಕ್ಕೆ ಅವಳು ಅಲ್ಲೇ ನಿಂತಿದ್ದಳು. ಆ ವಾರವೇ ಯುರಾಲಜಿಯ ಪರೀಕ್ಷೆಗೆ ಅರ್ಜಿ ತುಂಬಿದೆ.

ಸಾರ್ವಜನಿಕ ಹಿತ ಎಂದು ಬರೆದಿದ್ದೀರಿ. ಯಾವ ಸಾರ್ವಜನಿಕರು, ಸ್ವಾಮಿ? ನನ್ನ ಮುಂದೆ ಸಾಲು ನಿಲ್ಲುವವರೇ? ಅವರಿಗೆ ಬೇಕಾದದ್ದು ಗೊತ್ತಿಲ್ಲದ ಸರ್ಜನ್ ಒಬ್ಬ ಕುರ್ಚಿಯಲ್ಲಿ ಇರುವುದೋ, ಗೊತ್ತಿರುವವನೊಬ್ಬ ಮೂರು ವರ್ಷ ತಡವಾಗಿಯಾದರೂ ಬರುವುದೋ? ನೀರು ಕುಡಿಯದೆ ದುಡಿಯುವ ಇಷ್ಟು ಹೆಂಗಸರಿರುವ ಸೀಮೆಯಲ್ಲಿ ಕಲ್ಲು ಹುಟ್ಟುವುದಿಲ್ಲ ಎಂದು ತಮಗೆ ಹೇಳಿದವರು ಯಾರು? ನಾನೇ ಹೇಳಿದೆ, ನಿಜ. ನನ್ನೊಬ್ಬನ ಅಂಜುಬುರುಕ ಸೊನ್ನೆಯನ್ನು ತಾವು ಇಷ್ಟು ಬೇಗ ನಂಬಿದಿರಲ್ಲ! ಒಮ್ಮೆಯಾದರೂ ಯಾರನ್ನಾದರೂ ಕಳಿಸಿ ವಿಚಾರಿಸಬೇಕು ಅನ್ನಿಸಲಿಲ್ಲವೇ? ನನ್ನಂತೆ ಇನ್ನೆಷ್ಟು ಆಸ್ಪತ್ರೆಗಳಲ್ಲಿ ಎಷ್ಟು ಜನ ಜ್ವರದ ಕಾಲಮ್ಮಿನಲ್ಲಿ ಮಲಗಿದ್ದಾರೋ ಎಂದು ನೆನೆದರೆ ನನಗೆ ಭಯವಾಗುತ್ತದೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮುನ್ನ ಮೈಲಾರೆಪ್ಪನನ್ನು ಕೂರಿಸಿಕೊಂಡು ಓದಿ ಹೇಳಿದೆ. ಅಚ್ಚಾದ ಮೇಲೆ ಪರರ ಬಾಯಿಂದ ಅವನು ಕೇಳಬಾರದಿತ್ತು. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು "ಹಂಗಾರ ಆಕಿ ಕೈ ತೊಳಕೊಂತಿದ್ದದ್ದು ಖರೇನ ಆತಲ್ಲರಿ" ಅಂದ. "ನಾನೂ ಬೈದಿದ್ದೆರಿ. ಸಾಹೇಬ್ರು ಸುಳ್ಳು ಹೇಳ್ತಾರೇನು, ನೀನ ಹೊಲಸು ಅದೀ ಅಂತ ಬೈದಿದ್ದೆ." ಅಷ್ಟು ಹೇಳಿ ಎದ್ದುಹೋದ. ಆಮೇಲೆ ನನ್ನ ಕಡೆ ತಿರುಗಿ ನೋಡಿಲ್ಲ.

ಇನ್ನು ನನ್ನ ಬೇಡಿಕೆ. 1990ರ ತಖ್ತೆಯ ಆ ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆಯಿರಿ. ಹೆಸರಿಗೆ ಅದರಲ್ಲಿ ಜಾಗವಿಲ್ಲ, ಅಂಚಿನಲ್ಲಾದರೂ ಶೇಖವ್ವ ಎಂದು ಬರೆಯಿರಿ. ನಂತರ ನನ್ನನ್ನು ಬಿಡುಗಡೆ ಮಾಡಿ. ಕಲಿತು ಇದೇ ಆಸ್ಪತ್ರೆಗೆ, ಇದೇ ಕುರ್ಚಿಗೆ ಮರಳುತ್ತೇನೆಂದು ಯಾವ ಕಾಗದದ ಮೇಲೆ ಬೇಕಾದರೂ ಬರೆದುಕೊಡುತ್ತೇನೆ. ಸುಳ್ಳು ವರದಿ ಕೊಟ್ಟವನನ್ನು, ಪತ್ರಿಕೆಗೆ ಬರೆದವನನ್ನು ಬಿಡುಗಡೆ ಮಾಡಲು ನಿಯಮ ಅಡ್ಡ ಬಂದರೆ ವಜಾ ಮಾಡಿ. ಆದರೆ ಜುಲೈ ಮೂವತ್ತೊಂದರ ಒಳಗೆ ಮಾಡಿ. ವಜಾ ಆದವನು ಓದಲು ಹೋಗುವುದಕ್ಕೆ ತಮ್ಮ ಅಪ್ಪಣೆ ಬೇಕಾಗುವುದಿಲ್ಲ.

ಯಾವುದನ್ನು ಮಾಡುವುದಾದರೂ ಬೇಗ ಮಾಡಿ. ಇವತ್ತು ಬೆಳಿಗ್ಗೆ ಕರಿಯವ್ವ ಎಂಬ ಹೆಣ್ಣುಮಗಳೊಬ್ಬಳು ಬಂದಿದ್ದಳು. ನಿನ್ನೆಯಿಂದ ಮೂತ್ರವಿಲ್ಲ, ಚಳಿಜ್ವರ. ನಳಿಕೆ ಹಾಕಿದೆ, ಏನೂ ಬರಲಿಲ್ಲ. ಜೈತೂನಬಿಯನ್ನು ಜೊತೆ ಮಾಡಿ ಹತ್ತೂವರೆಗೆ ಹುಬ್ಬಳ್ಳಿಗೆ ಕಳಿಸಿದ್ದೇನೆ. ಈಗ ನಾಲ್ಕು ಗಂಟೆ. ತಲುಪಿದ ಸುದ್ದಿ ಇನ್ನೂ ಬಂದಿಲ್ಲ.

ಇಂತಿ,
ಸಾರ್ವಜನಿಕರ ಹಿತಕ್ಕಾಗಿ ತಾವು ಇಲ್ಲೇ ಉಳಿಸಿಕೊಂಡಿರುವ,
ಡಾ. ಗುಡದಪ್ಪ, ಸರ್ಜನ್
ಜೂನ್ 1992