ಎಂಜಿನ್ ದೀಪಕ್ಕೆ ಕಪ್ಪು ಟೇಪು

ಒಫೊಸು ಅಣ್ಣಾ,

ನಮ್ಮ ವಂಶದ ಇತಿಹಾಸದಲ್ಲಿ ದಾಖಲಾಗಬೇಕಾದ ಘನಕಾರ್ಯವೊಂದು ಬೆಳಕಿಗೆ ಬಂದಿದೆ: ಕಾರಿನ ಎಂಜಿನ್ ಕೆಟ್ಟಿದೆ ಎಂದು ಎಚ್ಚರಿಸುವ ದೀಪದ ಮೇಲೆ ನೀನು ಕಪ್ಪು ಟೇಪು ಅಂಟಿಸಿದ್ದೀಯ. ಚಿಕ್ಕಮ್ಮ ಸತ್ತಿದ್ದಕ್ಕೆ ನಾವು ಕಪ್ಪು ಉಡುವುದು ಸರಿ, ದೀಪಕ್ಕೂ ಉಡಿಸಬೇಕಿತ್ತೇ?

"ಏನೂ ಆಗಿಲ್ಲ ಕಣೇ ಸೆರ್ವಾ, ಎಂಜಿನ್ನಿಗೆ ಪೆಟ್ರೋಲ್ ಸಾಲ್ತಿಲ್ಲ ಅಂದ ಫಿಟ್ಟರ್, ಟ್ಯಾಂಕ್ ತುಂಬಿಸಿದೀನಿ" ಅಂದೆಯಲ್ಲ! ಮಹಾರಾಯ, ಕೊರತೆ ಇದ್ದದ್ದು ಟ್ಯಾಂಕಿನಲ್ಲಲ್ಲ. ಎಂಜಿನ್ನಿನ ರಬ್ಬರ್ ಪೈಪು ಸೀಳಿ, ಬೇಡದ ಗಾಳಿಯೆಲ್ಲ ಒಳಗೆ ನುಗ್ಗುತ್ತಿತ್ತು; ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತಿಲ್ಲ ಅಂತ ಫಿಟ್ಟರ್ ಹೇಳಿದ್ದು. ಬಾನೆಟ್ ಎತ್ತಿದ್ದರೆ ಆ ಬುಸುಗುಟ್ಟುವ ಸದ್ದು ನಿನಗೂ ಕೇಳುತ್ತಿತ್ತು. ಸೀಳಿನ ಮೇಲೆ ನಾನು ಹೆಬ್ಬೆರಳು ಒತ್ತಿದ್ದೇ ತಡ, ನಡುಗುತ್ತಿದ್ದ ಎಂಜಿನ್ ಸರಾಗವಾಗಿ ಓಡತೊಡಗಿತು. ಹೊಸ ಪೈಪು ಹಾಕಿದ್ದೇನೆ.

ಇದೇ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮ್ಮನ ಅಂತ್ಯಕ್ರಿಯೆಗೆ ಕ್ವಾಹು ಘಾಟಿ ಹತ್ತುವವನಿದ್ದೆ ನೀನು! ನಡುದಾರಿಯಲ್ಲಿ ನಿಂತಿದ್ದರೆ, ಒಡಹುಟ್ಟಿದ ತಂಗಿಯ ಮುಖ ಕೊನೆಯ ಸಲ ನೋಡುವ ಭಾಗ್ಯವೂ ಅವಳಿಗೆ ಇರುತ್ತಿರಲಿಲ್ಲ.

ಜೋಳದ ಹಿಟ್ಟಿನ ಕೆಂಕಿ ಮುದ್ದೆ, ಹುರಿದ ಮೀನು ಮುಚ್ಚಿಟ್ಟಿದ್ದೇನೆ, ತಿಂದೇ ಹೊರಡು. ನಿನ್ನ ಬಟ್ಟೆಗೆ ಇಸ್ತ್ರಿ ಹಾಕಿದ್ದೇನೆ, ನಿನ್ನ ಮೇಲಿನ ಪ್ರೀತಿಗಲ್ಲ, ಚಿಕ್ಕಮ್ಮನ ಮರ್ಯಾದೆಗೆ.

ಅಮ್ಮನೂ ನಾನೂ ಕಾರಿನಲ್ಲಿ ಹೊರಟಿದ್ದೇವೆ. ನೀನು ಜನರನ್ನು ತುಂಬಿಕೊಂಡು ಹೋಗುವ ಟ್ರೋಟ್ರೋ ವ್ಯಾನು ಹತ್ತಿ ಬಾ.